ಗೀರು ಬೀಳದ ಕೈಗಡಿಯಾರಕ್ಕಾಗಿ ಕಿತ್ತ ಹತ್ತೊಂಬತ್ತು ಟೈಲ್ಸ್

ಸೆರಾಮಿಕ್ ಕೈಗಡಿಯಾರಗಳ ಬಾಳಿಕೆ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಪ್ರಯೋಗಾಲಯವೂ, ಅಲ್ಲಿ ಬೇಸರವಿಲ್ಲದೆ ಕೈಗಡಿಯಾರಗಳನ್ನು ಕೀಲಿಗೊಂಚಲಿನಿಂದ ಉಜ್ಜಿ ಉಜ್ಜಿ ನೋಡುತ್ತಿರುವ ತಮ್ಮ ಸಿಬ್ಬಂದಿಯೂ ಸೌಖ್ಯವಾಗಿದ್ದೀರೆಂದು ನಂಬಿ, ದಿನದ ಎಂಟು ತಾಸು ಮಂಡಿಯೂರಿಯೇ ಕಳೆಯುವ ವೃತ್ತಿಯವನಾದ ನಾನು, ತಮ್ಮ ಮೇಲಿನ ಗೌರವದಿಂದ ಈ ಪತ್ರದ ಮಟ್ಟಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಬರೆಯುತ್ತಿದ್ದೇನೆ. ದೂರು ಹೇಳುವುದಕ್ಕೆ ಬರೆಯುತ್ತಿದ್ದೇನೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿದರೆ ಒರಟಾದೀತೆಂದು ಎರಡನೆಯ ಸಾಲಿನವರೆಗೆ ಕಾದಿದ್ದೇನೆ. ತಮ್ಮ ಸಮಯ ಅಮೂಲ್ಯವೆಂದು ಬಲ್ಲೆ. ಅದನ್ನು ಅಳೆಯುವ ಸಾಮಾನನ್ನೇ ತಾವು ತಯಾರಿಸುತ್ತೀರಲ್ಲ.

ನಾನೊಬ್ಬ ಟೈಲ್ಸ್ ಮೇಸ್ತ್ರಿ. ಮೂವತ್ತೊಂದು ವರ್ಷಗಳಿಂದ ಜನರ ಅಡುಗೆಮನೆ, ಬಚ್ಚಲು, ಆಸ್ಪತ್ರೆಯ ಮೊಗಸಾಲೆ, ಬ್ಯಾಂಕಿನ ಮೆಟ್ಟಿಲುಗಳಿಗೆ ಟೈಲ್ಸ್ ಕೂರಿಸುತ್ತ ಬಂದಿರುವುದರಿಂದ, ತಮ್ಮಲ್ಲಿ ಕೈಗಡಿಯಾರವಾಗಿ ಮೆರೆಯುವ ಸೆರಾಮಿಕ್ಕಿನ ಬಡ ನೆಂಟರೆಲ್ಲ ನನಗೆ ಏಕವಚನದ ಸಲಿಗೆಯವರು. ಅವರ ಸ್ವಭಾವ ನನಗೆ ಗೊತ್ತು. ಮೈಮೇಲೆ ಎಷ್ಟು ಓಡಾಡಿದರೂ, ಎಷ್ಟು ತಿಕ್ಕಿದರೂ ಬೇಜಾರು ಮಾಡಿಕೊಳ್ಳುವವರಲ್ಲ. ಆದರೆ ಮೂಲೆಗೆ ಸರಿಯಾದೊಂದು ಏಟು ಬಿದ್ದರೆ ಗೊಣಗದೆ, ಮುನ್ಸೂಚನೆ ಕೊಡದೆ ಎರಡಾಗಿಬಿಡುತ್ತಾರೆ. ಇಷ್ಟೆಲ್ಲ ಬಲ್ಲವನಾಗಿಯೂ ತಮ್ಮ ಕೈಪಿಡಿಯಲ್ಲಿದ್ದ ‘ತಲೆಮಾರು ಕಳೆದರೂ ಹೊಸತಾಗಿಯೇ ಉಳಿಯುವ’ ಎಂಬ ಮಾತನ್ನು ಕಣ್ಣುಮುಚ್ಚಿ ನಂಬಿದೆನಲ್ಲ, ಅದರ ಪೂರ್ಣ ಶ್ರೇಯಸ್ಸು ಆ ಕೈಪಿಡಿ ಬರೆದ ಪುಣ್ಯಾತ್ಮರಿಗೆ ಸಲ್ಲಬೇಕು. ಅವರು ಗೋಡೆಗೆ ಟೈಲ್ಸ್ ಹಚ್ಚುವ ಕೆಲಸಕ್ಕೆ ಬಂದಿದ್ದರೆ ಸಿಮೆಂಟೇ ಇಲ್ಲದೆ ಬರೀ ಮಾತಿನಲ್ಲಿ ಹಚ್ಚುತ್ತಿದ್ದರು.

ನನ್ನ ಹೆಂಡತಿ ಪರದೆ ಹೊಲಿಯುತ್ತಾಳೆ. ಮುಂಬಾಗಿಲ ಕೋಣೆಯ ಕಿಟಕಿಯ ಪಕ್ಕ ಅವಳ ಯಂತ್ರ, ಯಂತ್ರದ ಸುತ್ತ ಬಟ್ಟೆಯ ಗುಡ್ಡ. ಅವಳು ಹೊಲಿದದ್ದೆಲ್ಲ ಯಾರದೋ ಕಿಟಕಿಗೆ ಹೋಗಿ ನೇತುಬೀಳುತ್ತದೆ. ಅಲ್ಲಿ ಅದು ಬಿಸಿಲಿಗೆ ಬಣ್ಣಗೆಟ್ಟಿತೋ, ಮಗುವೊಂದು ಹಿಡಿದು ಜೋತಾಡಿ ಕೊಂಡಿ ಕಿತ್ತಿತೋ, ಅಥವಾ ಮನೆಯವರು ಅದನ್ನು ಮಡಿಸಿ ಅಟ್ಟದ ಮೇಲೆ ಎಸೆದರೋ ಅವಳಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ತಾನು ಕೊಟ್ಟದ್ದನ್ನು ಪಡೆದವರು ಏನು ಮಾಡಿದರು ಎಂಬ ಪ್ರಶ್ನೆ ಅವಳ ಪಾಲಿಗೆ ಸಣ್ಣದಲ್ಲ. ತಮ್ಮ ಸಂಶೋಧಕರು ಈ ಅಂಶವನ್ನು ಯಾವ ಪರೀಕ್ಷೆಗೂ ಒಳಪಡಿಸಿಲ್ಲವೆಂದು ನನ್ನ ಊಹೆ.

ಎರಡು ವರ್ಷದ ಹಿಂದೆ ಅವಳಿಗೆ ಒಂದು ಸಭಾಂಗಣದ ವೇದಿಕೆಯ ಪರದೆ ಹೊಲಿಯುವ ಕೆಲಸ ಬಂತು. ಅಷ್ಟು ಬಟ್ಟೆ ಮಡಿಸಿಡಲು ಮನೆಯಲ್ಲಿ ಜಾಗವಿಲ್ಲದೆ ಎರಡು ತಿಂಗಳು ನಾವು ಅದರ ಮೇಲೇ ಕೂತು ಉಂಡೆವು. ಕೆಲಸ ಮುಗಿದ ಮರುದಿನವೇ ಅವಳು ಯಾರಿಗೂ ಹೇಳದೆ ತಮ್ಮ ಅಂಗಡಿಗೆ ಹೋದಳು. ನನ್ನ ಕೈಯಲ್ಲಿದ್ದ ಹಳೆಯ ಸ್ಟೀಲ್ ಗಡಿಯಾರದ ಗಾಜು ಗೀರಿಹೋಗಿ, ಗಂಟೆ ನೋಡುವುದೆಂದರೆ ಮಂಜಿನೊಳಗೆ ನಿಂತವರನ್ನು ಗುರುತು ಹಿಡಿದಂತಾಗಿತ್ತು. ತಮ್ಮ ಮಾರಾಟಗಾರರು ಅವಳ ಕಣ್ಣೆದುರಿಗೇ ಕೀಲಿಗೊಂಚಲು ತೆಗೆದು ಕಪ್ಪು ಸೆರಾಮಿಕ್ ಗಡಿಯಾರದ ಮೇಲೆ ಪರಪರ ಉಜ್ಜಿ, “ನೋಡಿ ಮೇಡಂ, ಎಲ್ಲಾದ್ರೂ ಗೀರು ಬಿತ್ತಾ? ನಿಮ್ಮ ಯಜಮಾನ್ರು ಸಿಮೆಂಟಲ್ಲಿ ಮುಳುಗಿ ಎದ್ರೂ ಇದು ಹೀಗೇ ಇರುತ್ತೆ” ಎಂದರಂತೆ. ಅವಳು ಅದನ್ನು ನನ್ನ ಮಣಿಕಟ್ಟಿಗೆ ತಾನೇ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ಪರದೆ ನೇತುಹಾಕಿದ ಮೇಲೆ ಮಡಿಕೆ ಸರಿಯಾಗಿ ಬಿತ್ತೇ ಎಂದು ನೋಡುವ ಹಾಗೆ ನೋಡಿದಳು.

ಮಾನ್ಯರೇ, ತಮ್ಮ ಮಾರಾಟಗಾರರು ಹೇಳಿದ್ದು ಅಕ್ಷರಶಃ ನಿಜವಾಯಿತು. ನನ್ನ ಸಂಕಟಕ್ಕೆಲ್ಲ ಅದೇ ಮೂಲ.

ಬಕೆಟ್ಟಿಗೆ ಮೊಣಕೈವರೆಗೆ ಕೈ ಹಾಕುವ ಐದು ನಿಮಿಷ ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಕಟ್ಟಿಕೊಳ್ಳುವುದನ್ನು ಬಿಟ್ಟರೆ, ಎರಡು ವರ್ಷ ನಾನದನ್ನು ಕೆಲಸದಲ್ಲಿ ಬಿಚ್ಚಿದವನಲ್ಲ. ಅದು ಕಾಂಕ್ರೀಟು ಗೋಡೆಗೆ ಉಜ್ಜಿತು, ಮರಳಿನಲ್ಲಿ ಹೊರಳಿತು, ಕರಣೆಯ ಬಾಯಿಗೆ ಸಿಕ್ಕಿತು. ಸಂಜೆ ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಆಗಷ್ಟೇ ಎದ್ದು ಬಂದ ಮದುಮಗನ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ನನ್ನ ಕೈ ಮಾತ್ರ ಒಡೆದು, ಉಗುರು ಸೀಳಿ, ಸುಣ್ಣ ತಿಂದ ಗೋಡೆಯಂತೆ ಕಾಣುತ್ತಿತ್ತು. ತನಗೆ ಗೀರು ಬೀಳದ ಆ ಮಹಾನುಭಾವ ಇತರರಿಗೆ ಗೀರು ಹಾಕುವುದರಲ್ಲಿ ಕೈ ಹಿಂದೆಗೆಯಲಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇನೆ: ನಮ್ಮ ಸ್ಕೂಟರಿನ ಮೂತಿ, ಊಟದ ಮೇಜಿನ ಅಂಚು, ನನ್ನ ಕನ್ನಡಕದ ಎಡಗಣ್ಣು, ನಾದಿನಿಯ ಹೊಸ ಫೋನಿನ ಗಾಜು ಇವೆಲ್ಲ ತಮ್ಮ ಉತ್ಪನ್ನದ ಬಾಳಿಕೆಗೆ ಇಂದಿಗೂ ಸಾಕ್ಷಿ ಹೇಳುತ್ತವೆ. ನಾದಿನಿಯಂತೂ ಬಾಯಿಬಿಟ್ಟೇ ಹೇಳುತ್ತಾಳೆ.

ಒಂದು ಸಂಜೆ ಊಟದ ಮೇಜಿನ ಬಳಿ ನನ್ನ ಹೆಂಡತಿ ನನ್ನ ಕೈಯನ್ನು ತನ್ನತ್ತ ಎಳೆದುಕೊಂಡಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಹೆಂಡತಿ ತಾನಾಗಿ ಕೈ ಹಿಡಿದಳೆಂದು ನಾನು ಉಬ್ಬಿಹೋಗುವಷ್ಟರಲ್ಲಿ, ಅವಳು ದೀಪದ ಬೆಳಕಿಗೆ ಹಿಡಿದು ನೋಡುತ್ತಿರುವುದು ಗಡಿಯಾರವನ್ನು ಎಂದು ತಿಳಿಯಿತು.

“ನಿಜ ಹೇಳಿ, ಇದನ್ನ ಕೆಲಸಕ್ಕೆ ಕಟ್ಕೊಂಡು ಹೋಗ್ತೀರಾ?”

“ದಿನಾ ಕಟ್ಕೊಂಡೇ ಹೋಗ್ತೀನಲ್ಲ.”

“ಮತ್ತೆ ಇದಕ್ಕೇನೂ ಆಗೇ ಇಲ್ಲ?”

“ಏನೂ ಆಗಲ್ಲ ಅಂತಾನೇ ಅಲ್ವಾ ನೀನು ತಂದಿದ್ದು?”

“ಏನೂ ಆಗಲ್ಲ ಅಂದ್ರೆ, ಒಂಚೂರೂ ಆಗಬಾರ್ದಾ? ಬಾಗಿಲು ದಾಟೋವರೆಗೆ ಕಟ್ಕೊಂಡಿರ್ತೀರಿ, ಆಮೇಲೆ ಚೀಲದೊಳಗೆ ಹಾಕ್ತೀರಿ. ಇಷ್ಟ ಆಗಿಲ್ಲ ಅಂತ ಅವತ್ತೇ ಹೇಳಿದ್ರೆ ವಾಪಸ್ ಕೊಟ್ಟು ಬರ್ತಿದ್ದೆ.”

ನಾನು ಆಣೆ ಮಾಡಿದೆ. ಅವಳು ನಂಬಲಿಲ್ಲ. ಆಣೆ ಮಾಡಿದ್ದರಿಂದಲೇ ಇನ್ನಷ್ಟು ನಂಬಲಿಲ್ಲ. ಮರುದಿನ ನನ್ನ ಜೊತೆಗಾರನನ್ನು ಸಾಕ್ಷಿಗೆ ಕರೆತಂದೆ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಗಾರೆ ಕಲಸುವ ಈತ, ನೆಲ ಸಮವಾಗಿದೆಯೇ ಎಂದು ಪರೀಕ್ಷಿಸುವ ರಸಮಟ್ಟದೊಳಗಿನ ಗುಳ್ಳೆಯ ಹಾಗೆ ಸದಾ ಒಂದು ಕಡೆಗೆ ತಲೆ ವಾಲಿಸಿಕೊಂಡಿರುವುದರಿಂದ ಎಲ್ಲರ ಬಾಯಲ್ಲೂ ರಸಮಟ್ಟನೇ ಆಗಿದ್ದಾನೆ. “ಕಟ್ಕೊಂಡೇ ಇರ್ತಾನೆ ಅತ್ತಿಗೆ, ನನ್ನ ಕಣ್ಣಾರೆ ನೋಡಿದೀನಿ” ಎಂದು ಅವನು ತಲೆ ವಾಲಿಸಿಕೊಂಡು ಹೇಳಿದ. “ನೀವು ಇನ್ನೇನು ಹೇಳ್ತೀರಿ ಬಿಡಿ” ಎಂದು ಅವಳು ಅವನ ಮುಂದೆ ಚಹಾದ ಲೋಟ ಇಟ್ಟು, ಯಂತ್ರ ತುಳಿಯಲು ಹೋದಳು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ತಮ್ಮ ಪ್ರಯೋಗಾಲಯದವರು ಉಚಿತ ಸಂಶೋಧನೆಯೆಂದು ಸ್ವೀಕರಿಸಬೇಕಾಗಿ ಪ್ರಾರ್ಥನೆ. ಹೆಂಡತಿಯ ನಂಬಿಕೆ ಗಳಿಸಲು ಒಂದೇ ಒಂದು ಗೀರು ಸಾಕಾಗಿತ್ತು. ಕೀಲಿಯಿಂದ ಉಜ್ಜಿದೆ. ಕರಣೆಯ ಅಲಗಿನಿಂದ ಕೆರೆದೆ. ಮರಳು ಕಾಗದ ಹಿಡಿದು, ತುಕ್ಕು ಹಿಡಿದ ಕಿಟಕಿ ಸರಳನ್ನು ತಿಕ್ಕುವವರ ಹಾಗೆ ತಿಕ್ಕಿದೆ. ಕಾಗದ ಸವೆಯಿತು. ಕೊನೆಗೆ ಟೈಲ್ಸ್ ಕೊಯ್ಯುವ ಯಂತ್ರಕ್ಕೆ ವಜ್ರದ ಹಲ್ಲಿನ ಚಕ್ರ ಹಾಕಿ, ಗುಂಡಿ ಒತ್ತಿ, ತಿರುಗುವ ಚಕ್ರದ ಹತ್ತಿರ ಗಡಿಯಾರವನ್ನು ಒಯ್ದೆ. ಅದು ತಪ್ಪದೆ ಗೀರುತ್ತದೆಂದು ನನಗೆ ಗೊತ್ತಿತ್ತು. ರಸಮಟ್ಟ ಓಡಿಬಂದು ವಿದ್ಯುತ್ತಿನ ತಂತಿಯನ್ನೇ ಕಿತ್ತ. “ಅತ್ತಿಗೆ ಕೊಟ್ಟಿದ್ದನ್ನ ಅತ್ತಿಗೆಗೋಸ್ಕರ ಕೊಯ್ತೀಯಲ್ಲೋ, ತಲೆ ನೆಟ್ಟಗಿದೆಯಾ?” ಎಂದ. ತಲೆ ನೆಟ್ಟಗಿರುವ ಬಗ್ಗೆ ಅವನ ಬಾಯಿಂದ ಕೇಳಬೇಕಾಯಿತಲ್ಲ ಎಂದು ನಾಚಿಕೆಯಾಗಿ ಸುಮ್ಮನಾದೆ.

ಹೀಗೆ ಸುಮ್ಮನಾದ ಕೆಲವೇ ವಾರಗಳಲ್ಲಿ ಗಡಿಯಾರ ಕಳೆದುಹೋಯಿತು.

ಆಗ ನಾವು ಹಲ್ಲಿನ ಡಾಕ್ಟರಮ್ಮ ಒಬ್ಬರ ಮನೆಯ ಬಚ್ಚಲಿಗೆ ನೆಲ ಹಾಕುತ್ತಿದ್ದೆವು. ಅಂದು ಸಂಜೆ ಕೆಲಸ ಮುಗಿಸಿ ಕೈ ತೊಳೆಯುವಾಗ ನೋಡುತ್ತೇನೆ, ಮಣಿಕಟ್ಟು ಬೋಳು. ಗಾರೆ ಕಲಸುವ ಮುನ್ನ ಎಂದಿನಂತೆ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದು ನನಗೆ ಚೆನ್ನಾಗಿ ನೆನಪಿತ್ತು. ಮನುಷ್ಯನಿಗೆ ಎಷ್ಟು ಚೆನ್ನಾಗಿ ನೆನಪಿರುತ್ತದೆ ಎಂಬುದನ್ನು ತಾವು ಮುಂದೆ ಓದಲಿದ್ದೀರಿ. ಕಟ್ಟೆಯ ಮೇಲೆ ಇರಲಿಲ್ಲ. ಚೀಲ ಸುರಿದೆವು, ಸಿಮೆಂಟಿನ ಖಾಲಿ ಗೋಣಿಗಳನ್ನು ಕೊಡವಿದೆವು, ಕಸದ ಗುಡ್ಡೆಯನ್ನು ಜರಡಿ ಹಿಡಿದೆವು. ಸಿಗಲಿಲ್ಲ.

ಮನೆಗೆ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದೆ. ಸೆಕೆಗಾಲ, ಮಾನ್ಯರೇ. ಬೀದಿಯ ನಾಯಿಗಳೂ ನೆರಳಿನಿಂದ ನೆರಳಿಗೆ ಲೆಕ್ಕ ಹಾಕಿ ನಡೆಯುವ ದಿನಗಳಲ್ಲಿ ನಾನು ತೋಳಿನ ಗುಂಡಿ ಬಿಗಿದುಕೊಂಡು ಒಂಬತ್ತು ದಿನ ಓಡಾಡಿದೆ. ವಿಚಿತ್ರವೆಂದರೆ, ಎರಡು ವರ್ಷದಿಂದ ದಿನವೂ ನನ್ನ ಮಣಿಕಟ್ಟು ನೋಡುತ್ತಿದ್ದವಳು ಆ ಒಂಬತ್ತು ದಿನ ಅತ್ತ ಕಣ್ಣೆತ್ತಲಿಲ್ಲ. ಗಡಿಯಾರದ ಮಾತನ್ನೇ ಎತ್ತಲಿಲ್ಲ. ತಟ್ಟೆಗೆ ಕೇಳದೆಯೇ ಎರಡನೇ ಮೊಟ್ಟೆ ಹಾಕಿದಳು. ಅಂಗಿ ಯಾಕೆ ಇಷ್ಟು ಬೆವೆತಿದೆ ಎಂದು ಕೂಡ ಕೇಳಲಿಲ್ಲ. ನಾನು ಹೊರಗೆ ಹೋಗುವಾಗ ಯಂತ್ರ ನಿಲ್ಲಿಸಿ, “ಜೋಪಾನ” ಎಂದಳು. ಅಷ್ಟು ಅಕ್ಕರೆಯನ್ನು ತಡೆದುಕೊಳ್ಳುವ ಅಭ್ಯಾಸವಿಲ್ಲದ ನನಗೆ, ಇವಳಿಗೆ ಎಲ್ಲವೂ ಗೊತ್ತಾಗಿದೆ, ನಾನಾಗಿಯೇ ಬಾಯಿ ಬಿಡಲಿ ಎಂದು ಕಾಯುತ್ತಿದ್ದಾಳೆ ಎನಿಸುತ್ತಿತ್ತು.

ಒಂಬತ್ತನೆಯ ದಿನ ರಸಮಟ್ಟ ಒಂದು ಸಿದ್ಧಾಂತ ಮಂಡಿಸಿದ. “ಕಟ್ಟೆಯಿಂದ ಜಾರಿ ಗಾರೆಯೊಳಗೆ ಬಿದ್ದಿರಬೇಕು ಕಣೋ. ನಾವು ನೋಡದೇ ಅದರ ಮೇಲೇನೇ ಟೈಲ್ಸ್ ಕೂರಿಸಿಬಿಟ್ಟಿದೀವಿ.” ಈ ಮಾತು ಕಿವಿಗೆ ಬಿದ್ದದ್ದೇ ತಡ, ಅದು ನನಗೆ ಪ್ರತ್ಯಕ್ಷ ನೋಡಿದಷ್ಟು ಖಚಿತವಾಯಿತು. ಡಾಕ್ಟರಮ್ಮನ ಮನೆಗೆ ಹೋಗಿ, ಸಂದಿಗಳನ್ನೊಮ್ಮೆ ಪರೀಕ್ಷಿಸಬೇಕೆಂದು ಸುಳ್ಳು ಹೇಳಿ ಬಚ್ಚಲು ಹೊಕ್ಕೆವು. ಸುತ್ತಿಗೆಯ ಹಿಡಿಯಿಂದ ಟೈಲ್ಸನ್ನು ಒಂದೊಂದಾಗಿ ತಟ್ಟಿ ನೋಡಿದೆವು. ಆಮೇಲೆ ಇಬ್ಬರೂ ನೆಲದ ಮೇಲೆ ಉದ್ದಕ್ಕೆ ಮಲಗಿ ಕಿವಿಗೊಟ್ಟೆವು. ಟಿಕ್, ಟಿಕ್, ಟಿಕ್. ನೆಲದೊಳಗಿಂದ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎಷ್ಟು ಬಾಳಿಕೆ, ಎಂಥ ಬಾಳಿಕೆ, ಮಣ್ಣುಪಾಲಾದರೂ ನಡೆಯುತ್ತಲೇ ಇದೆಯಲ್ಲ ಎಂದು ತಮ್ಮನ್ನು ನೆನೆದು ನನಗೆ ಕಣ್ಣೀರು ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರಮ್ಮ.

“ಏನು ಮೇಸ್ತ್ರಿ, ನೆಲಕ್ಕೆ ಹಲ್ಲುನೋವಾ?”

ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಮಲಗಿದ್ದಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಹೆಂಡತಿಯ ಪರದೆ, ಗೀರಿನ ಜಗಳ, ವಜ್ರದ ಚಕ್ರ, ತುಂಬುತೋಳು ಯಾವುದನ್ನೂ ಬಿಡಲಿಲ್ಲ. ಅವರು ಬಾಗಿಲಿಗೆ ಒರಗಿ, ರೋಗಿಯ ಬಾಯಿ ತೆರೆಸಿ ಕಾಯುವವರ ತಾಳ್ಮೆಯಿಂದ ಕೇಳಿ, “ಕೀಳಿ. ಆದ್ರೆ ಮೊದಲಿನ ಹಾಗೇ ಕೂರಿಸಿ ಕೊಡಬೇಕು” ಎಂದರು. ಆ ಮಹಾತಾಯಿಗೆ ಏನು ಬಿರುದು ಕೊಟ್ಟರೂ ಕಡಿಮೆ.

ಕಿತ್ತೆವು. ಕಿಟಕಿಯ ಕೆಳಗಿನ ನಾಲ್ಕರಿಂದ ಆರಂಭಿಸಿ ಎಂಟು, ಎಂಟರಿಂದ ಹದಿಮೂರು, ಹದಿಮೂರರಿಂದ ಹತ್ತೊಂಬತ್ತು. ನನ್ನ ಕೈಯಾರೆ ನೂಲು ಹಿಡಿದು ಕೂರಿಸಿದ ಟೈಲ್ಸ್. ಏಳು ಎತ್ತುವಾಗಲೇ ಒಡೆದವು. ಕೆಳಗೆ ಸಿಕ್ಕಿದ್ದು ರಸಮಟ್ಟನ ಒಂದು ಮೊಂಡು ಪೆನ್ಸಿಲ್ಲು. ಟಿಕ್ ಟಿಕ್ ಮಾತ್ರ ನಿಲ್ಲಲಿಲ್ಲ. ಕೊನೆಗೆ ಡಾಕ್ಟರಮ್ಮ ಒಳಗೆ ಬಂದು, ಮೂಲೆಯ ನಲ್ಲಿಯನ್ನು ಅರ್ಧ ಸುತ್ತು ಬಿಗಿಯಾಗಿ ತಿರುಗಿಸಿದರು. ಸದ್ದು ನಿಂತಿತು.

ಮಾನ್ಯರೇ, ಕೆಲವು ಮೌನಗಳು ಬಹಳ ಹೊತ್ತು ಬಾಳಿಕೆ ಬರುತ್ತವೆ.

ಆ ಮೌನವನ್ನು ಮುರಿಯಲೆಂದೋ ಏನೋ, ಡಾಕ್ಟರಮ್ಮ ಈ ಸೆರಾಮಿಕ್ ಗಡಿಯಾರದ ಬಗ್ಗೆ ನನಗೊಂದು ಪಾಠ ಹೇಳಿದರು. ಅದು ಹಲ್ಲಿಗೆ ತೊಡಿಸುವ ಬಿಳಿ ಟೊಪ್ಪಿಗೆಯ ವಸ್ತುವೇ ಅಂತೆ. ಬಣ್ಣ ಮಾತ್ರ ಬೇರೆ. “ಗೀರಿದ್ರೆ ಗೀರು ಬೀಳಲ್ಲ ಮೇಸ್ತ್ರಿ, ಉಕ್ಕಿಗಿಂತ ಗಟ್ಟಿ. ಆದ್ರೆ ಉಕ್ಕು ಬಿದ್ರೆ ನೆಗ್ಗುತ್ತೆ, ಸುಧಾರಿಸ್ಕೊಳ್ಳುತ್ತೆ. ಇದಕ್ಕೆ ನೆಗ್ಗೋದಕ್ಕೇ ಬರಲ್ಲ. ಇದ್ರೆ ಪೂರ್ತಿ ಇರುತ್ತೆ, ಹೋದ್ರೆ ಚೂರಾಗಿ ಹೋಗುತ್ತೆ. ನನ್ನ ಹತ್ರ ಬರೋರಿಗೂ ಇದನ್ನೇ ಹೇಳ್ತೀನಿ, ಕಲ್ಲು ಕಡೀಬೇಡಿ ಅಂತ.” ತಮ್ಮ ಎಂಬತ್ತು ಪುಟದ ಕೈಪಿಡಿಯಲ್ಲಿ ನಾನು ಹುಡುಕಿ ಸೋತ ಮಾಹಿತಿಯನ್ನು ಅವರು ಒದ್ದೆ ಬಚ್ಚಲಿನ ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಕೊಟ್ಟರು. ತಮ್ಮಲ್ಲಿ ಕೈಪಿಡಿ ಬರೆಯುವ ಹುದ್ದೆ ಖಾಲಿಯಾದರೆ ದಯವಿಟ್ಟು ಅವರನ್ನು ಪರಿಗಣಿಸುವುದು.

ಅಂದು ಸಂಜೆ ಮನೆಗೆ ಹೋದವನು ಅಂಗಿಯ ತೋಳು ಮಡಚಿದೆ. ಅವಳು ಯಂತ್ರದ ಮುಂದೆ ಕೂತು ಬೂದು ಬಣ್ಣದ ಉದ್ದನೆಯ ಬಟ್ಟೆಗೆ ಅಂಚು ಹೊಡೆಯುತ್ತಿದ್ದಳು.

“ಗಡಿಯಾರ ಕಳ್ಕೊಂಡೆ ಕಣೇ. ಒಂಬತ್ತು ದಿನ ಆಯ್ತು. ಹೇಳೋಕೆ ಧೈರ್ಯ ಬರಲಿಲ್ಲ.”

ಯಂತ್ರ ನಿಂತಿತು. ಅವಳು ನನ್ನತ್ತ ತಿರುಗಲಿಲ್ಲ. “ಎಲ್ಲೆಲ್ಲಿ ಹುಡುಕಿದ್ರಿ?”

“ಎಲ್ಲಾ ಕಡೆ. ಇವತ್ತು ಡಾಕ್ಟರಮ್ಮನ ಬಚ್ಚಲು ಕಿತ್ತು ನೋಡಿದೆ.”

“ಬಚ್ಚಲು ಕಿತ್ರಾ?”

“ಹತ್ತೊಂಬತ್ತು ಟೈಲ್ಸ್.”

ಅವಳು ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಎರಡಕ್ಕೂ ಹೊಂದುವಂಥ ಮುಖ ಮಾಡಿಕೊಂಡು ನಿಂತೆ. ಆಮೇಲೆ ಅವಳು ಯಂತ್ರದ ಕೆಳಗಿನ ಡ್ರಾಯರು ಎಳೆದು, ಪರದೆಯ ಕೊಂಡಿಗಳನ್ನು ಇಡುವ ತಗಡಿನ ಡಬ್ಬವನ್ನು ನನ್ನ ಕೈಗೆ ಕೊಟ್ಟಳು. ಒಳಗೆ, ಹತ್ತಿಯ ಮೇಲೆ, ತಮ್ಮ ಗಡಿಯಾರ ಮೂರು ಮುಖ್ಯ ತುಂಡು ಮತ್ತು ಕೆಲವು ಚಿಲ್ಲರೆ ಚೂರುಗಳಾಗಿ ಮಲಗಿತ್ತು. ಮುಳ್ಳು ಮಾತ್ರ ಓಡುತ್ತಲೇ ಇತ್ತು. ಒಂಬತ್ತು ದಿನ ಅದು ಅವಳ ಮೊಣಕಾಲಿನ ಪಕ್ಕದಲ್ಲಿ ಟಿಕ್ ಟಿಕ್ ಎನ್ನುತ್ತಿತ್ತಂತೆ. ಅದು ಕೇಳಬಾರದೆಂದು ಅವಳು ಬಿಡುವಿಲ್ಲದೆ ಯಂತ್ರ ತುಳಿಯುತ್ತಿದ್ದಳಂತೆ.

ಗಡಿಯಾರ ಕಾಣೆಯಾದ ದಿನ ಬೆಳಿಗ್ಗೆ ರಸಮಟ್ಟ ಬೀದಿಯಲ್ಲಿ ಹಾರ್ನು ಹೊಡೆದ ಗಡಿಬಿಡಿಯಲ್ಲಿ, ಮುಖ ತೊಳೆಯಲು ಬಿಚ್ಚಿದ ಗಡಿಯಾರವನ್ನು ನಾನು ಬೋಗುಣಿಯ ಪಕ್ಕದಲ್ಲೇ ಬಿಟ್ಟು ಹೋಗಿದ್ದೆ. ಅವಳು ಒರೆಸಿಡಲು ಎತ್ತಿಕೊಂಡಳು. ಸಾಬೂನಿನ ಕೈ. ಜಾರಿ, ನಾನೇ ಹಾಕಿದ, ‘ಈ ನೆಲದ ಮೇಲೆ ಒನಕೆ ಬಿದ್ದರೂ ನೆಲಕ್ಕೇನೂ ಆಗಲ್ಲ’ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ ನೆಲದ ಮೇಲೆ ಬಿತ್ತು. ನೆಲಕ್ಕೇನೂ ಆಗಲಿಲ್ಲ.

“ಒಡೆದಿದ್ದನ್ನ ಅವತ್ತೇ ಹೇಳಬಹುದಿತ್ತಲ್ಲೇ. ಬಯ್ತಿದ್ನಾ ನಾನು?”

“ಒಡೆದಿದ್ದಕ್ಕೆ ಅಲ್ಲ ಸುಮ್ನಿದ್ದಿದ್ದು” ಎಂದು ಅವಳು ಡಬ್ಬದಿಂದ ಪಟ್ಟಿಯ ಒಂದು ತುಂಡು ಎತ್ತಿ, ಮುರಿದ ಕಡೆಯನ್ನು ಮೇಲೆ ಮಾಡಿ ಹಿಡಿದಳು. “ಇದನ್ನ ನೋಡಿ.”

ಕನ್ನಡಕದ ಬಲಗಣ್ಣಿನಿಂದ ನೋಡಿದೆ. ಕಪ್ಪು ಕೊಂಡಿಗಳು ಒಂದಕ್ಕೊಂದು ಸೇರುವ ಒಳಸಂದಿಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ಟೈಲ್ಸ್ ನಡುವೆ ತುಂಬುವ ಬಿಳಿಯ ಗಾರೆ ಕೂತು ಕಲ್ಲಾಗಿತ್ತು. ಒಂದು ಪದರವಲ್ಲ. ಬಿಳಿಯ ಮೇಲೆ ಬೂದು, ಬೂದು ಬಣ್ಣದ ಮೇಲೆ ಇಟ್ಟಿಗೆಗೆಂಪು, ಮತ್ತೆ ಬಿಳಿ. ನಾನು ನೆಲ ಹಾಕಿದ ಒಂದೊಂದು ಮನೆಯೂ ಅಲ್ಲಿತ್ತು.

“ಎರಡು ವರ್ಷ ನಿಯತ್ತಾಗಿ ಕಟ್ಕೊಂಡವರನ್ನ ಸುಳ್ಳುಗಾರ ಅಂದೆ. ಇದು ಒಡೀದೇ ಇದ್ದಿದ್ರೆ ಸಾಯೋವರೆಗೂ ಹಾಗೇ ಅಂದ್ಕೊಂಡಿರ್ತಿದ್ದೆ. ಯಾವ ಮುಖ ಹೊತ್ತು ಹೇಳ್ಲಿ?”

ನಾನೇನು ಹೇಳಿದೆ ಎಂಬುದು ತಮ್ಮ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

ಮರುದಿನ ಬೆಳಿಗ್ಗೆ ಇಬ್ಬರೂ ಡಬ್ಬ ಹಿಡಿದು ತಮ್ಮ ಸೇವಾ ಕೇಂದ್ರಕ್ಕೆ ಹೋದೆವು. ತಣ್ಣನೆಯ ಕೋಣೆ, ಗಾಜಿನ ಮೇಜು, ಆಚೆ ಬದಿಯಲ್ಲಿ ಕೈಗವಸು ತೊಟ್ಟ ಸೌಮ್ಯ ಅಧಿಕಾರಿ. ಅವರು ಚೂರುಗಳನ್ನು ಒಂದೊಂದಾಗಿ ಭೂತಗನ್ನಡಿಯ ಕೆಳಗೆ ಹಿಡಿದು ಕಾಲು ಗಂಟೆ ಪರೀಕ್ಷಿಸಿ, ಹರ್ಷಚಿತ್ತರಾಗಿ, “ಸರ್, ಎರಡು ವರ್ಷ ಆದ್ರೂ ಒಂದು ಗೀರೂ ಇಲ್ಲ!” ಎಂದು ಉದ್ಗರಿಸಿದರು. ನಾವು ಧನ್ಯವಾದ ಹೇಳಿದೆವು. ಗೀರು ಬಿದ್ದಿದ್ದರೆ ಹೊಸದು ಕೊಡುವ ಖಾತರಿ ಇನ್ನೂ ಮೂರು ವರ್ಷ ಇದೆಯೆಂದೂ, ಗೀರು ಬಿದ್ದಿಲ್ಲವಾದ್ದರಿಂದ ನಾವು ನಿಶ್ಚಿಂತೆಯಾಗಿರಬಹುದೆಂದೂ, ಒಡೆಯುವುದು ಮಾತ್ರ ಬಾಳಿಕೆಯ ಪ್ರಶ್ನೆಯಲ್ಲ, ಬಳಕೆದಾರರ ನಡವಳಿಕೆಯ ಪ್ರಶ್ನೆಯೆಂದೂ ವಿವರಿಸಿದರು. ಅರ್ಜಿಯಲ್ಲಿ ‘ಮೇಲ್ಮೈ ಸ್ಥಿತಿ’ ಎಂಬ ಕಡೆ ‘ಅತ್ಯುತ್ತಮ’ ಎಂದೂ, ‘ಸಂಖ್ಯೆ’ ಎಂಬ ಕಡೆ ‘ಮೂರು’ ಎಂದೂ ಬರೆದುಕೊಂಡರು. ಕಡೆಗೆ ಮನಸ್ಸು ಕರಗಿ, ವಿಶೇಷ ಸೌಜನ್ಯದ ಮೇರೆಗೆ ಹೊಸ ಗಡಿಯಾರವನ್ನು ಅರ್ಧ ಬೆಲೆಗೆ ಕೊಡಬಹುದೆಂದೂ, ಆದರೆ ನಿಯಮದ ಪ್ರಕಾರ ಹಳೆಯ ಚೂರುಗಳನ್ನು ಒಪ್ಪಿಸಿ ಹೋಗಬೇಕೆಂದೂ ಹೇಳಿ ಡಬ್ಬದತ್ತ ಕೈಚಾಚಿದರು.

ನನ್ನ ಹೆಂಡತಿ ಡಬ್ಬದ ಮುಚ್ಚಳ ಹಾಕಿದಳು. “ಇದನ್ನ ಕೊಡಲ್ಲ” ಎಂದಳು.

“ಮೇಡಂ, ಇದನ್ನಿಟ್ಕೊಂಡು ಏನ್ ಮಾಡ್ತೀರಾ? ಉಪಯೋಗಕ್ಕೆ ಬರಲ್ಲ.”

“ನಿಮಗೆ ಬರಲ್ಲ” ಎಂದು ಅವಳು ಡಬ್ಬವನ್ನು ಚೀಲಕ್ಕಿಳಿಸಿ, ಎದ್ದೇಬಿಟ್ಟಳು.

ಹೊರಗೆ ಬಂದು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತೆವು. ನಾನು ಕೆಲಸಕ್ಕೆ ಹೊರಡಬೇಕಿತ್ತು. ಹತ್ತೊಂಬತ್ತು ಹಳ್ಳಗಳು ಕಾಯುತ್ತಿದ್ದವು. “ನಾನೂ ಬರ್ತೀನಿ” ಎಂದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಕೆಲಸದ ಜಾಗಕ್ಕೆ ಬಂದವಳಲ್ಲ, ನಾನೂ ಕರೆದವನಲ್ಲ. ಡಾಕ್ಟರಮ್ಮ ಅವಳಿಗೆ ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಾಕಿಸಿದರು. ಅವಳು ಕೂರಲಿಲ್ಲ. ನಾನು ಮಂಡಿಯೂರಿ ನೂಲು ಹಿಡಿದು, ಗಾರೆ ಹರಡಿ, ಒಂದೊಂದೇ ಟೈಲ್ಸ್ ಇಟ್ಟು ಹಿಡಿಯಿಂದ ತಟ್ಟಿ ಮಟ್ಟಕ್ಕೆ ತರುವುದನ್ನು ನಿಂತೇ ನೋಡಿದಳು. ಐದನೆಯದೋ ಆರನೆಯದೋ ಆದಾಗ ಸೆರಗು ಸಿಕ್ಕಿಸಿಕೊಂಡು ಕೆಳಗೆ ಕೂತು, ಮುಂದಿನ ಟೈಲ್ಸನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಮತ್ತೊಂದು ಒರೆಸಿ ಕೊಟ್ಟಳು. ರಸಮಟ್ಟ ತನ್ನ ಕೆಲಸ ಹೋಯಿತೆಂದು ಗೊಣಗುತ್ತ ಹೊರಗೆ ಹೋಗಿ ಬೀಡಿ ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳಿನ ಸಂದಿಯಲ್ಲೂ ಬಿಳಿ ಗಾರೆ ಒಣಗಿತ್ತು. “ಇದು ಹೋಗೋದೇ ಇಲ್ವಲ್ರೀ” ಎಂದು ಉಗುರಿನಿಂದ ಕೆರೆದು ಕೆರೆದು ನೋಡಿಕೊಂಡಳು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ತೀರ ಸಣ್ಣವು. ಮುಂದಿನ ಮಾದರಿಯಲ್ಲಿ, ಎರಡು ವರ್ಷ ಪ್ರಾಮಾಣಿಕವಾಗಿ ಕಟ್ಟಿಕೊಂಡವನ ಗಡಿಯಾರದ ಮೇಲೆ ತಾನಾಗಿಯೇ ಒಂದು ಗೀರು ಮೂಡುವಂತೆ ದಯವಿಟ್ಟು ಏರ್ಪಾಡು ಮಾಡುವುದು. ಉದ್ದ ಒಂದು ಅಕ್ಕಿಕಾಳಿನಷ್ಟಿದ್ದರೂ ಸಾಕು, ಹೆಂಡತಿಗೆ ಕಾಣುವ ಕಡೆ ಇರಲಿ. ಅದು ಆಗದಿದ್ದರೆ, ತಮ್ಮ ಗಡಿಯಾರಗಳು ಬೀಳಬಹುದಾದ ಎಲ್ಲ ನೆಲಗಳನ್ನೂ ತಮ್ಮ ಖರ್ಚಿನಲ್ಲಿ ಮೆತ್ತೆಯಿಂದ ಹೊದಿಸುವುದು. ಇದೂ ಕಷ್ಟವೆನಿಸಿದರೆ, ಕೈಪಿಡಿಯ ಎಂಬತ್ತು ಪುಟಗಳ ನಡುವೆ ಎಲ್ಲಾದರೂ ‘ಬಿದ್ದರೆ ಒಡೆಯುತ್ತದೆ’ ಎಂಬ ಎರಡು ಪದಗಳಿಗೆ ಜಾಗ ಮಾಡಿಕೊಡುವುದು. ಅವನ್ನು ಅಚ್ಚು ಹಾಕಲು ಹೆಚ್ಚು ಶಾಯಿ ಬೇಡ. ಹೊಸ ಗಡಿಯಾರ ಬೇಡ; ಅರ್ಧ ಬೆಲೆಗೂ ಬೇಡ. ಹೊತ್ತು ಎಷ್ಟಾಯಿತೆಂದು ಈಗ ರಸಮಟ್ಟನನ್ನು ಕೇಳುತ್ತೇನೆ. ಅವನು ಹೊಟ್ಟೆ ಮುಟ್ಟಿ ನೋಡಿ ಹೇಳುತ್ತಾನೆ; ಹತ್ತು ನಿಮಿಷದ ಮೇಲೆ ತಪ್ಪಿದ್ದಿಲ್ಲ.

ತಮ್ಮ ಮೇಲಿನ ನಂಬಿಕೆಯನ್ನು ಸದ್ಯಕ್ಕೆ ಮೂರು ತುಂಡುಗಳಲ್ಲಿ, ಒಂದು ಗೀರೂ ಬೀಳದಂತೆ ಕಾಪಾಡಿಕೊಂಡಿರುವ,

ತಮ್ಮ ವಿಶ್ವಾಸಿ,
ಟೈಲ್ಸ್ ಮೇಸ್ತ್ರಿ

ಮರೆತ ಮಾತು: ತಮ್ಮ ಸೇವಾ ಕೇಂದ್ರದಲ್ಲಿ ಕಾಯುತ್ತ ಕೂತಿದ್ದಾಗ, ಅಭ್ಯಾಸಬಲದಿಂದ ಕಾಲಿನ ಹಿಮ್ಮಡಿಯಲ್ಲಿ ನೆಲ ತಟ್ಟಿ ನೋಡಿದೆ. ಗಾಜಿನ ಮೇಜಿನ ಎಡಕ್ಕಿರುವ ಮೂರು ಟೈಲ್ಸ್ ಕೆಳಗೆ ಪೊಳ್ಳಾಗಿವೆ. ಹಾಕಿದವರು ಗಾರೆ ಉಳಿಸಿದ್ದಾರೆ. ಮುಂದಿನ ವರ್ಷದೊಳಗೆ ಅವು ಏಳುವುದು ಖಂಡಿತ. ತಮಗೆ ಸಹಾಯ ಮಾಡಲು ನಾನು ಸದಾ ಸಿದ್ಧ, ನನ್ನ ಫೋನ್ ನಂಬರು ತಮ್ಮ ಅರ್ಜಿಯಲ್ಲೇ ಇದೆ. ಮೇಲ್ಮೈಯಲ್ಲಿ ಗೀರು ಬಿದ್ದಿದೆಯೇ ಎಂದು ನಾನು ಕೇಳುವುದಿಲ್ಲ. ಒಡೆದಿದೆ ಎಂದರೆ ಸಾಕು, ಬರುತ್ತೇನೆ. ನಮ್ಮ ಕಸುಬಿನಲ್ಲಿ ಖಾತರಿ ಎಂದರೆ ಅದೇ.